ಹಳ್ಳಿಯ ಮಗಳೇ ಸಿಸ್ಟರ್ ಆದಾಗ: ದೇಶೀಯ ಸನ್ಯಾಸಿನಿ ಸಭೆ ಎಂದರೇನು?

2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಕಥೊಲಿಕ ಸಿಸ್ಟರುಗಳ ಮತ್ತು ಪಾದ್ರಿಗಳ ಸಂಬಳದಿಂದಲೂ ಎಲ್ಲರಂತೆ ಮೂಲದಲ್ಲೇ ಆದಾಯ ತೆರಿಗೆ ಹಿಡಿಯಬೇಕು ಎಂಬುದು ಅದರ ಸಾರ. ಸುದ್ದಿ ಓದಿದ ಬಹಳ ಜನಕ್ಕೆ ತಲೆ ಕೆರೆದುಕೊಳ್ಳುವಂತಾದದ್ದು ತೆರಿಗೆಯ ಬಗ್ಗೆ ಅಲ್ಲ. ಇಷ್ಟು ವರ್ಷ ಯಾಕೆ ಹಿಡಿಯುತ್ತಿರಲಿಲ್ಲ? ಸಂಬಳ ಅವರ ಕೈಗೇ ಬರುವುದಿಲ್ಲವೇ? ಹಾಗಾದರೆ ಯಾರ ಕೈಗೆ ಹೋಗುತ್ತದೆ?

ಮರುವರ್ಷ 2025ರ ನವೆಂಬರ್ 8ರಂದು ಕೇರಳದ ವಲ್ಲಾರ್‌ಪಾಡಂನಲ್ಲಿ, ಆ ರಾಜ್ಯದಲ್ಲೇ ಸನ್ಯಾಸಿನಿ ಸಭೆ ಕಟ್ಟಿದ ಮದರ್ ಏಲೀಶ್ವ ಅವರಿಗೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ 'ಧನ್ಯೆ' ಎಂಬ ಗೌರವ ಸಿಕ್ಕಿತು. ಆಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡ ಮಾತು 'ದೇಶೀಯ ಸನ್ಯಾಸಿನಿ ಸಭೆ'. ನಮ್ಮ ಕಡೆ ಕಾನ್ವೆಂಟ್ ಶಾಲೆಯಲ್ಲಿ ಓದಿದವರು, ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಆದರೂ ಆ ಬಿಳಿ ಸೀರೆಯ ಸಿಸ್ಟರ್ ಯಾರು, ಯಾರ ಅಧೀನದಲ್ಲಿದ್ದಾರೆ, ಯಾಕೆ ಆ ಊರಿಗೆ ಬಂದರು ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಬುಡದಿಂದಲೇ ನೋಡೋಣ.

ಮೊದಲು ಕೆಲವು ಪದಗಳು

ಇಲ್ಲಿ 'ಸಭೆ' ಎಂದರೆ ಮೀಟಿಂಗ್ ಅಲ್ಲ. ಒಂದೇ ನಿಯಮಾವಳಿಗೆ ಒಪ್ಪಿ, ಒಂದೇ ಹೆಸರಿನಡಿ, ಸಾಯುವ ತನಕ ಒಟ್ಟಿಗೆ ಬದುಕುವ ಸ್ತ್ರೀಯರ ಸಮುದಾಯ. ಮಠ ಎಂದರೆ ನಮಗೆ ಪೀಠ, ಗುರುಪರಂಪರೆ, ಶಾಖಾಮಠಗಳು ನೆನಪಾಗುತ್ತವೆ. ಸಭೆಗೂ ಶಾಖೆಗಳಿವೆ, ಅವಕ್ಕೆ ಕಾನ್ವೆಂಟ್ ಎನ್ನುತ್ತಾರೆ. ಒಂದು ವ್ಯತ್ಯಾಸ ಮುಖ್ಯ: ಇಲ್ಲಿ ಪೀಠವಿಲ್ಲ. ಮುಖ್ಯಸ್ಥೆಯನ್ನು ಸದಸ್ಯೆಯರ ಪ್ರತಿನಿಧಿಗಳು ಸೇರಿ ಚುನಾಯಿಸುತ್ತಾರೆ. ಅವಧಿ ಮುಗಿದ ಮೇಲೆ ಆಕೆ ಮತ್ತೆ ಸಾಮಾನ್ಯ ಸಿಸ್ಟರ್.

ಕನ್ನಡದಲ್ಲಿ ಎಲ್ಲರನ್ನೂ ಕನ್ಯಾಸ್ತ್ರೀ ಎಂದುಬಿಡುತ್ತೇವೆ. ಚರ್ಚಿನ ಲೆಕ್ಕದಲ್ಲಿ ಎರಡು ಬಗೆ. ಆವರಣ ದಾಟದೆ ಪ್ರಾರ್ಥನೆಯಲ್ಲೇ ದಿನ ಕಳೆಯುವವರು 'ನನ್'. ಶಾಲೆ, ಆಸ್ಪತ್ರೆ, ಹಳ್ಳಿ ಎಂದು ಓಡಾಡುವವರು 'ಸಿಸ್ಟರ್', ಅಂದರೆ ಧರ್ಮಭಗಿನಿ. ನಾವು ಬಸ್ಸಿನಲ್ಲಿ ಕಾಣುವುದು ಎರಡನೆಯವರನ್ನು.

ಇಬ್ಬರೂ ತೊಡುವ ವ್ರತ ಮೂರು. ಕನ್ಯಾವ್ರತ ಎಂದರೆ ಮದುವೆಯಿಲ್ಲ. ಬಡತನದ ವ್ರತ ಎಂದರೆ ಹೊಟ್ಟೆಗಿಲ್ಲದಿರುವುದಲ್ಲ, 'ನನ್ನದು' ಎಂದು ದುಡ್ಡು ಇಟ್ಟುಕೊಳ್ಳದಿರುವುದು. ವಿಧೇಯತೆ ಎಂದರೆ ಸಭೆ ಕಳಿಸಿದ ಊರಿಗೆ, ಕೊಟ್ಟ ಕೆಲಸಕ್ಕೆ ಹೋಗುವುದು. ಸರ್ಕಾರಿ ನೌಕರರ ವರ್ಗಾವಣೆಯಂತೆಯೇ, ಆದರೆ ಶಿಫಾರಸು ಪತ್ರ ತರುವಂತಿಲ್ಲ.

ಸಭೆಗಳಲ್ಲೂ ಎರಡು ದರ್ಜೆಗಳಿವೆ. ಹೊಸ ಸಭೆ ಸಾಮಾನ್ಯವಾಗಿ ಒಬ್ಬ ಬಿಷಪ್ಪರ ಅನುಮತಿಯಿಂದ ಅವರ ಧರ್ಮಪ್ರಾಂತ್ಯದಲ್ಲಿ ಹುಟ್ಟುತ್ತದೆ, ಅವರ ಮೇಲ್ವಿಚಾರಣೆಯಲ್ಲೇ ಬೆಳೆಯುತ್ತದೆ. ಬಲಿತ ಮೇಲೆ ರೋಮ್, ಅಂದರೆ ಪೋಪರ ಆಡಳಿತ, ನೇರವಾಗಿ ಮಾನ್ಯತೆ ಕೊಟ್ಟರೆ, ಒಳಾಡಳಿತದಲ್ಲಿ ಸ್ಥಳೀಯ ಬಿಷಪ್ಪರ ಕೈ ಹಿಂದೆ ಸರಿಯುತ್ತದೆ.

ಗೋಡೆಯ ಆಚೆ ಬರಲು ಆರು ಶತಮಾನ

ಸಿಸ್ಟರ್ ಹಳ್ಳಿಯಲ್ಲಿ ಮನೆಮನೆ ಸುತ್ತುವುದು ನಮಗೆ ಸಹಜವಾಗಿ ಕಾಣುತ್ತದೆ. ಕಥೊಲಿಕ ಚರಿತ್ರೆಯಲ್ಲಿ ಅದು ಹೊಸ ಸಂಗತಿ. 1298ರಲ್ಲಿ ಪೋಪ್ 8ನೇ ಬೊನಿಫಾಸ್ ಹೊರಡಿಸಿದ ಆಜ್ಞೆಯ ಪ್ರಕಾರ ಸನ್ಯಾಸಿನಿಯರೆಲ್ಲ ಆವರಣದೊಳಗೇ ಇರಬೇಕಿತ್ತು. ಹೊರಗೆ ಓಡಾಡಿ ಬಡವರ ಸೇವೆ ಮಾಡುವ ಗುಂಪುಗಳು ಆಮೇಲೆ ಹುಟ್ಟಿದವು, ಬೆಳೆದವು, ಆದರೆ ಅವರನ್ನು ಪೂರ್ಣ ಅರ್ಥದ ಸನ್ಯಾಸಿನಿಯರೆಂದು ಚರ್ಚಿನ ಕಾನೂನು ಒಪ್ಪಲಿಲ್ಲ. ಒಪ್ಪಿದ್ದು 1900ರ ಡಿಸೆಂಬರಿನಲ್ಲಿ, 13ನೇ ಲಿಯೋ ಪೋಪ್ ಆಗಿದ್ದಾಗ.

ಇನ್ನೂ ಒಂದು ತಡೆ ಇತ್ತು, ಹಳ್ಳಿಯ ಬಡ ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ವ್ರತ ತೊಟ್ಟ ಸಿಸ್ಟರುಗಳು ಹೆರಿಗೆ ಮಾಡಿಸುವಂತಿರಲಿಲ್ಲ. ಗಂಡಸು ವೈದ್ಯರ ಮುಂದೆ ಬರಲು ಒಪ್ಪದ ಪರದೆಯ ಹೆಂಗಸರು ಬಾಣಂತನದಲ್ಲೇ ಸಾಯುತ್ತಿದ್ದುದನ್ನು ರಾವಲ್ಪಿಂಡಿಯಲ್ಲಿ ಕೆಲಸ ಮಾಡಿದ ಆಸ್ಟ್ರಿಯಾದ ವೈದ್ಯೆ ಆನಾ ಡೆಂಗೆಲ್ ಕಣ್ಣಾರೆ ಕಂಡಿದ್ದರು. 1925ರಲ್ಲಿ ಅವರು ವೈದ್ಯಕೀಯ ಸೇವೆಗೆಂದೇ ಒಂದು ಸಂಸ್ಥೆ ಕಟ್ಟಿದರು. ರೋಮ್ ತಡೆ ತೆಗೆದದ್ದು 1936ರಲ್ಲಿ. ಇಂದು ಕಾಡಂಚಿನ ಮಿಷನ್ ಆಸ್ಪತ್ರೆಯಲ್ಲಿ ಮಗು ಅತ್ತಾಗ ಸಿಸ್ಟರ್ ಕೈಯಲ್ಲಿ ಎತ್ತಿಕೊಂಡಿರುತ್ತಾರಲ್ಲ, ಆ ದೃಶ್ಯಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

'ದೇಶೀಯ' ಎಂಬ ಮಾತಿನ ಅರ್ಥ

19ನೇ ಶತಮಾನದಲ್ಲಿ ಯುರೋಪಿನ ಅನೇಕ ಸಭೆಗಳು ಭಾರತಕ್ಕೆ ಬಂದವು. ಹಾಗಿದ್ದ ಮೇಲೆ ಇಲ್ಲಿಯವರು ಬೇರೆ ಸಭೆ ಕಟ್ಟುವ ಅಗತ್ಯ ಏನಿತ್ತು? ಇದ್ದ ಸಭೆಗೇ ಸೇರಬಹುದಿತ್ತಲ್ಲ?

ಸೇರುವ ಬಾಗಿಲು ಇಕ್ಕಟ್ಟಾಗಿತ್ತು. ಮದುವೆಯಲ್ಲಿ ಇರುವಂತೆ ಸನ್ಯಾಸಕ್ಕೂ ಆಗ ವರದಕ್ಷಿಣೆ ಇತ್ತು. ಮಠಕ್ಕೆ ಬರುವವಳು ತನ್ನ ಜೀವನಾಂಶಕ್ಕೆಂದು ಹಣ ತರಬೇಕು ಎಂದು 1917ರ ಚರ್ಚ್ ಕಾನೂನಿನಲ್ಲೂ ಬರೆದಿತ್ತು. ಬಡವರ ಮನೆಯ ಹುಡುಗಿ ಎಲ್ಲಿಂದ ತಂದಾಳು? ಪ್ರಾರ್ಥನೆ ಲ್ಯಾಟಿನ್, ಊಟದ ಮನೆಯ ಮಾತು ಇಂಗ್ಲಿಷ್ ಅಥವಾ ಫ್ರೆಂಚ್. ಹಲವು ಸಭೆಗಳ ಒಳಗೇ ಎರಡು ಪಂಕ್ತಿ ಬೇರೆ: ಓದಿದವರು ಪ್ರಾರ್ಥನೆಗೂ ಪಾಠಕ್ಕೂ, ಓದದವರು ಅಡುಗೆಗೂ ಬಟ್ಟೆ ಒಗೆಯುವುದಕ್ಕೂ. ಈ ಭೇದ ಬಿಡಿ ಎಂದು ಚರ್ಚ್ ಅಧಿಕೃತವಾಗಿ ಹೇಳಿದ್ದು 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಇವಕ್ಕೆಲ್ಲ ಮೇಲೆ ಬಣ್ಣದ, ಜಾತಿಯ ಅನುಮಾನಗಳು.

ಹಾಗಾಗಿ 'ದೇಶೀಯ' ಎನ್ನುವಾಗ ನೋಡಬೇಕಾದದ್ದು ಸ್ಥಾಪಕರ ಊರನ್ನಲ್ಲ. 1844ರಲ್ಲಿ ಪುದುಚೇರಿಯಲ್ಲಿ ಹೆಣ್ಣುಮಕ್ಕಳ ಓದಿಗೆಂದು ಸಭೆ ಶುರು ಮಾಡಿದ ಪಾದ್ರಿ ಡುಪ್ವಿ ಫ್ರಾನ್ಸಿನವರು. ಸಭೆಗೆ ಸೇರಿದವರು ತಮಿಳು ಹೆಣ್ಣುಮಕ್ಕಳು. 1866ರಲ್ಲಿ ಕೇರಳದ ಕೂನಮ್ಮಾವಿನಲ್ಲಿ ಬಿದಿರ ತಟ್ಟಿಯ ಮನೆಯೊಂದರಲ್ಲಿ ಹುಟ್ಟಿದ ಸಭೆಯ ಮೊದಲ ಸಾಲಿನಲ್ಲಿ ನಿಂತವರಲ್ಲಿ ಮೂವರು ಒಂದೇ ಮನೆಯವರು: ವಿಧವೆ ಏಲೀಶ್ವ, ಅವರ ಮಗಳು, ಅವರ ತಂಗಿ. ಕರ್ನಾಟಕದ ಉದಾಹರಣೆ ಬೇಕೆಂದರೆ ಮಂಗಳೂರಿನ ಬೆಂದೂರಿನಲ್ಲಿ 1921ರ ಜುಲೈ 16ರಂದು ಹುಟ್ಟಿದ ಬೆಥನಿ ಸಭೆ. ಅದನ್ನು ಕಟ್ಟಿದ ಪಾದ್ರಿ ಮೊನ್ಸಿಂಜೊರ್ (ಇದು ಗೌರವ ಬಿರುದು) ರೇಮಂಡ್ ಮಸ್ಕರೇನ್ಹಸ್ ಹುಟ್ಟಿದ್ದು 1875ರಲ್ಲಿ ಶಿವಮೊಗ್ಗದಲ್ಲಿ. ಮದರ್ ತೆರೇಸಾರ ಸಭೆ? ಸ್ಥಾಪಕಿ ಹೊರಗಿನಿಂದ ಬಂದವರು, ಸಭೆ ಹುಟ್ಟಿದ್ದು 1950ರಲ್ಲಿ ಕೋಲ್ಕತ್ತದಲ್ಲಿ. ಗಡಿಗೆರೆ ಅಷ್ಟು ನೇರವಾಗಿಲ್ಲ ಎಂದು ಒಪ್ಪಿಕೊಳ್ಳುವುದೇ ಸರಿ.

ಗೆರೆ ಎಲ್ಲಿದ್ದರೂ ಒಂದು ಕಡೆ ಮಾತ್ರ ಯಾವ ಅನುಮಾನಕ್ಕೂ ಎಡೆಯಿಲ್ಲ.

ರಾಂಚಿಯ ನಾಲ್ವರು

ಈಗಿನ ಜಾರ್ಖಂಡಿನ ಛೋಟಾನಾಗಪುರ. ಒರಾಂವ್, ಮುಂಡಾ, ಖಾಡಿಯಾ ಆದಿವಾಸಿಗಳ ನಾಡು. ಒರಾಂವರ ಮಾತು ಕುಡುಖ್, ಅದು ನಮ್ಮ ಕನ್ನಡದ್ದೇ ದ್ರಾವಿಡ ಕುಟುಂಬಕ್ಕೆ ಸೇರಿದ ಭಾಷೆ. ಇಲ್ಲಿ ಹುಟ್ಟಿದ ದೇಶೀಯ ಸಭೆಯ ಮೊದಲಿಗರಾದ ಬೆರ್ನಡೆಟ್ ಅವರ ಬಳಿಯ, ಅಂದರೆ ಕುಲದ, ಹೆಸರು ಕಿಸ್‌ಪೊಟ್ಟಾ. ಒರಾಂವರ ಬಳಿಗಳಿಗೆ ಪ್ರಾಣಿ, ಗಿಡಗಳ ಹೆಸರು ಇರುತ್ತದೆ. 'ಕಿಸ್' ಎಂದರೆ ಹಂದಿ, 'ಪೊಟ್ಟಾ' ಎಂದರೆ ಕರುಳು. ಆ 'ಪೊಟ್ಟಾ' ನಮ್ಮ 'ಹೊಟ್ಟೆ'ಯ ನೆಂಟ.

19ನೇ ಶತಮಾನದ ಕೊನೆಗೆ ಈ ನಾಡು ಕುದಿಯುತ್ತಿತ್ತು. ಕಾಡು ಕಡಿದು ಗದ್ದೆ ಮಾಡಿದವರು ಆದಿವಾಸಿಗಳು, ಕಾಗದದಲ್ಲಿ ಒಡೆತನ ಜಮೀನ್ದಾರರದ್ದು. ಗೇಣಿಯ ಜೊತೆಗೆ ಕೂಲಿಯಿಲ್ಲದ ದುಡಿಮೆ. ಅದಕ್ಕೆ ಅಲ್ಲಿಯ ಹೆಸರು ಬೇಟ್ ಬೇಗಾರಿ, ನಮ್ಮ ಬಿಟ್ಟಿ ಬೇಗಾರಿಯೇ. ಸಾಲ ಕೊಟ್ಟು ಭೂಮಿ ನುಂಗುವ ಹೊರಗಿನವರನ್ನು ಆದಿವಾಸಿಗಳು 'ದಿಕ್ಕು' ಎನ್ನುತ್ತಿದ್ದರು. ದಿಕ್ಕಿಲ್ಲದವರು ಎಂದು ಬಡವರನ್ನು ಕರೆಯುವ ನಮಗೆ ಆ ಪದ ತಿರುಗುಮುರುಗಾಗಿ ಕೇಳಿಸುತ್ತದೆ. ಬೆಲ್ಜಿಯಂನ ಜೆಸ್ವಿಟ್ ಪಾದ್ರಿ ಕಾನ್‌ಸ್ಟಂಟ್ ಲೀವನ್ಸ್ 1885ರಲ್ಲಿ ತೋರ್ಪಾಕ್ಕೆ ಬಂದವರು, ಜಮೀನು ಮತ್ತು ಬೇಗಾರಿಯ ಮೊಕದ್ದಮೆಗಳಲ್ಲಿ ಆದಿವಾಸಿಗಳ ಬೆನ್ನಿಗೆ ನಿಂತರು. ಊರಿಗೆ ಊರೇ ಚರ್ಚಿನ ಕಡೆ ಬಂದದ್ದಕ್ಕೆ ಕೋರ್ಟಿನ ಈ ಕೆಲಸವೂ ಒಂದು ಮುಖ್ಯ ಕಾರಣ. ಬ್ರಿಟಿಷರ, ಜಮೀನ್ದಾರರ ವಿರುದ್ಧ ಬಿರ್ಸಾ ಮುಂಡಾ ಎದ್ದು ನಿಂತದ್ದು 1890ರ ದಶಕದಲ್ಲಿ, ಇದೇ ಸಂಕಟದ ಒಳಗಿಂದ.

1890ರಲ್ಲಿ ಲೊರೆಟೊ ಸಭೆಯ ಸಿಸ್ಟರುಗಳು ರಾಂಚಿಗೆ ಬಂದು ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಆ ಶಾಲೆಗೆ ಬಂದ ಹುಡುಗಿಯರಲ್ಲಿ ಒಬ್ಬರು ಬೆರ್ನಡೆಟ್. ಮಾಂಡರ್ ಬಳಿಯ ಸರ್ಗಾಂವ್ ಹಳ್ಳಿಯಲ್ಲಿ 1878ರ ಜೂನ್ 2ರಂದು ಹುಟ್ಟಿದವರು. ಪಾಠ ಹೇಳುವವರನ್ನು ನೋಡಿ ನೋಡಿ ತಾವೂ ಹಾಗೇ ಆಗಬೇಕೆಂದು ಬೆರ್ನಡೆಟ್ ಮತ್ತು ಮೂವರು ಗೆಳತಿಯರಾದ ಸಿಸಿಲಿಯಾ, ವೆರೊನಿಕಾ, ಮೇರಿ ಹಟ ಹಿಡಿದರು.

ವಿರೋಧ ಎರಡು ಕಡೆಯಿಂದ ಬಂತು. ಮನೆಯವರಿಗೆ ಇದು ಅರ್ಥವೇ ಆಗದ ಮಾತು. ಒರಾಂವರಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಾರೆ. ಮದುವೆಯಾಗದೆ ಉಳಿಯುವ ಹೆಣ್ಣಿಗೆ ಆ ಸಮಾಜದಲ್ಲಿ ಹೆಸರಿಡುವ ಜಾಗವೇ ಇರಲಿಲ್ಲ, ಸನ್ಯಾಸಿನಿ ಎಂಬ ಮಾದರಿಯೂ ಇರಲಿಲ್ಲ. ಇನ್ನೊಂದು ಕಡೆ ಚರ್ಚಿನವರಿಗೇ ಅಳುಕು. ನಿನ್ನೆ ಮೊನ್ನೆ ಕ್ರೈಸ್ತರಾದ ಕಾಡಿನ ಹುಡುಗಿಯರು ಜೀವನಪೂರ್ತಿ ವ್ರತ ಪಾಲಿಸಬಲ್ಲರೇ? ಹುಡುಗಿಯರು ಬಿಡಲಿಲ್ಲ. ಕೊನೆಗೆ ಕಲ್ಕತ್ತಾದ ಆರ್ಚ್‌ಬಿಷಪ್ ಪೌಲ್ ಗೋಥಾಲ್ಸ್ ಒಪ್ಪಿದರು. 1897ರ ಜುಲೈ 26, ಯೇಸುವಿನ ಅಜ್ಜಿ ಸಂತ ಅನ್ನಾಳ ಹಬ್ಬದ ದಿನ, ನಾಲ್ವರಿಂದ ಸಭೆ ಶುರುವಾಯಿತು. ಹೆಸರೂ ಅದೇ: ರಾಂಚಿಯ ಸಂತ ಅನ್ನಾಳ ಪುತ್ರಿಯರು. ಆಗ ಬೆರ್ನಡೆಟ್‌ಗೆ 19 ವರ್ಷ. ದೇಶದಲ್ಲಿ 1896-97ರ ಬರಗಾಲ, ಬಿರ್ಸಾ ಜೈಲಿನಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಲೊರೆಟೊದವರು ಪಾಠ ಹೇಳಿದರು, ಆದರೆ ಈ ಹುಡುಗಿಯರು ಲೊರೆಟೊ ಸಿಸ್ಟರುಗಳಾಗಲಿಲ್ಲ. ಅವರಿಗೆಂದು ಬೇರೆಯೇ ಸಭೆ ಆಯಿತು. ಇದನ್ನು ಅವಮಾನ ಎಂದೂ ಓದಬಹುದು, ಅವಕಾಶ ಎಂದೂ ಓದಬಹುದು. ನನಗಂತೂ ಎರಡೂ ಒಟ್ಟಿಗೇ ಕಾಣುತ್ತವೆ: ಪಕ್ಕದ ಪಂಕ್ತಿಯಲ್ಲಿ ಕೂರಿಸಿದ್ದರಿಂದಲೇ ಆ ಪಂಕ್ತಿಯ ಊಟ, ಮಾತು, ಲೆಕ್ಕ ಎಲ್ಲ ಅವರ ಕೈಗೇ ಬಂತು. ಮದರ್ ಬೆರ್ನಡೆಟ್ 1961ರ ಏಪ್ರಿಲ್ 16ರಂದು ತೀರಿಕೊಂಡರು. ಸಂತ ಪದವಿಯ ಹಾದಿಯ ಮೊದಲ ಮೆಟ್ಟಿಲಾದ 'ದೇವರ ಸೇವಕಿ' ಎಂಬ ಹೆಸರು 2016ರಲ್ಲಿ ಅವರಿಗೆ ಸಿಕ್ಕಿತು.

ಹಳ್ಳಿಯಲ್ಲಿ ಅವರ ಕೆಲಸ ಹೇಗೆ ನಡೆಯುತ್ತದೆ

ಒಂದನೇ ಕ್ಲಾಸಿಗೆ ಬಂದ ಒರಾಂವ್ ಮಗುವಿಗೆ ಬರುವುದು ಕುಡುಖ್. ಪುಸ್ತಕ ಹಿಂದಿಯದು. ನಗರದಿಂದ ಬಂದ ಟೀಚರಿಗೆ ಆ ಮಗು ಮಂಕಾಗಿ ಕಾಣುತ್ತದೆ. ಅದೇ ಭಾಷೆಯಲ್ಲಿ ಬೆಳೆದ ಸಿಸ್ಟರಿಗೆ ಮಗು ಸುಮ್ಮನಿರುವುದು ಯಾಕೆಂದು ಗೊತ್ತು. ದೇಶೀಯ ಸಭೆಯ ಬಲ ದೊಡ್ಡ ಕಟ್ಟಡದಲ್ಲಿಲ್ಲ, ಇಂಥ ಕಡೆ ಇದೆ. ಭತ್ತದ ನಾಟಿ ಯಾವಾಗ, ಯಾವ ತಿಂಗಳು ಮನೆಯಲ್ಲಿ ಕಾಳು ಮುಗಿಯುತ್ತದೆ, ಯಾವ ಹಬ್ಬಕ್ಕೆ ಮಕ್ಕಳು ಶಾಲೆ ಬಿಡುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೆಲಸಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಪ್ರಾಥಮಿಕ ಶಾಲೆ, ದೂರದ ಊರಿನ ಹುಡುಗಿಯರಿಗೆ ಹಾಸ್ಟೆಲ್, ಔಷಧಾಲಯ, ಹೆಂಗಸರ ಉಳಿತಾಯ ಗುಂಪು. ಇವುಗಳಲ್ಲಿ ಹಾಸ್ಟೆಲ್ಲಿನ ಮಹತ್ವ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಹೈಸ್ಕೂಲು ಹತ್ತು ಮೈಲಿ ಆಚೆ ಇದ್ದರೆ ಹುಡುಗ ಹೇಗೋ ಹೋಗುತ್ತಾನೆ, ಹುಡುಗಿಯ ಓದು ನಿಲ್ಲುತ್ತದೆ. ಓದು ನಿಂತ ಹುಡುಗಿಯನ್ನು ದೆಹಲಿಯ ಮನೆಗೆಲಸಕ್ಕೆ ಕರೆದೊಯ್ಯುವ ದಲ್ಲಾಳಿ ಜಾರ್ಖಂಡಿನ ಹಳ್ಳಿಗಳಿಗೆ ಹೊಸಬನಲ್ಲ.

ಉಳಿತಾಯದ ಹಿಂದೆಯೂ ಹಳೆಯ ಕಥೆಯಿದೆ. ಕೂನಮ್ಮಾವಿನ ಸಭೆಯ ಜೊತೆ ಹೆಸರು ಹೇಳುವ ಪಾದ್ರಿ ಸಂತ ಚಾವರ ಅವರು ಬಡಮಕ್ಕಳ ಮಧ್ಯಾಹ್ನದ ಊಟಕ್ಕೆ 'ಪಿಡಿಯರಿ' ಎಂಬ ಉಪಾಯ ಹೂಡಿದ್ದರು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವುದು, ಅಷ್ಟೆ. ಪಿಡಿ ಎಂದರೆ ಹಿಡಿ, ಅರಿ ಎಂದರೆ ಅಕ್ಕಿ. ರಾಂಚಿಯ ಕಡೆ ಪಾದ್ರಿ ಹಾಫ್‌ಮನ್ 1909ರಲ್ಲಿ ಸಹಕಾರಿ ಸಾಲದ ಸಂಘ ಕಟ್ಟಿದ್ದರು. ಸಾಹುಕಾರನ ಬಾಗಿಲಿಗೆ ಹೋಗದಂತೆ ನೋಡಿಕೊಳ್ಳುವುದೇ ಎರಡು ಕಡೆಯ ಲೆಕ್ಕ.

ಸಾಹುಕಾರನ ಬಾಗಿಲು ಮುಚ್ಚಿಸುವುದು ಅಪಾಯದ ಕೆಲಸವೂ ಹೌದು. ಕೇರಳದಲ್ಲೇ ಹುಟ್ಟಿದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದ ಸುತ್ತ ಭೂಮಿಯಿಲ್ಲದ ಕೂಲಿಗಳನ್ನು, ಆದಿವಾಸಿಗಳನ್ನು ಸಂಘಟಿಸಿದರು. ಸ್ವಸಹಾಯ ಗುಂಪು ಕಟ್ಟಿಸಿದರು, ಸರ್ಕಾರಿ ಯೋಜನೆಯ ದುಡ್ಡು ಕೇಳಿ ಪಡೆಯುವುದನ್ನು ಕಲಿಸಿದರು. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಹೋಗುವಾಗ ಅವರನ್ನು ಇರಿದು ಕೊಂದರು. ಆಗ ಅವರಿಗೆ 41 ವರ್ಷ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಅವರನ್ನು ಧನ್ಯೆ ಎಂದು ಸಾರಿದರು. ಜೈಲಿಗೆ ಹೋಗಿ ಕೊಲೆಗಾರನಿಗೆ ರಾಖಿ ಕಟ್ಟಿದವರು ರಾಣಿ ಮರಿಯಾರ ಸ್ವಂತ ತಂಗಿ, ಅದೇ ಸಭೆಯ ಸಿಸ್ಟರ್.

ಸಿಸ್ಟರ್ ಆಗುವುದು ಹೇಗೆ

ಒಂದೇ ದಿನದ ದೀಕ್ಷೆಯಲ್ಲ. ಮೊದಲು ಕಾನ್ವೆಂಟಿನಲ್ಲಿ ಇದ್ದು ನೋಡುವ ಕಾಲ. ಆಮೇಲೆ 'ನೊವಿಶಿಯೇಟ್' ಎಂಬ ಕಟ್ಟುನಿಟ್ಟಿನ ತರಬೇತಿ, ಕನಿಷ್ಠ 12 ತಿಂಗಳು. ಇದಕ್ಕೆ 17 ವರ್ಷ ತುಂಬಿರಬೇಕು. ನಂತರ ತಾತ್ಕಾಲಿಕ ವ್ರತ, ಸಾಮಾನ್ಯವಾಗಿ 3ರಿಂದ 6 ವರ್ಷ. ಈ ಅವಧಿ ಮುಗಿದಾಗ ಬೇಡವೆನಿಸಿದರೆ ಮನೆಗೆ ಮರಳಬಹುದು, ಸಭೆಯೂ ಬೇಡ ಎನ್ನಬಹುದು. ಆಜೀವ ವ್ರತಕ್ಕೆ 21 ವರ್ಷವಾದರೂ ಆಗಿರಬೇಕು.

ವ್ರತ ತೊಟ್ಟರೂ ಸಿಸ್ಟರ್ ಪೂಜಾರಿಯಲ್ಲ. ಪೂಜಾವಿಧಿ ನಡೆಸಲು, ಪಾಪನಿವೇದನೆ ಕೇಳಲು ಪಾದ್ರಿಯೇ ಬೇಕು, ಪಾದ್ರಿ ಗಂಡಸೇ ಆಗಿರಬೇಕು. ಊರಿನವರು ಕಷ್ಟಸುಖ ಹೇಳಿಕೊಳ್ಳುವುದು ಮಾತ್ರ ಹೆಚ್ಚಾಗಿ ಸಿಸ್ಟರ್ ಹತ್ತಿರ.

ದುಡ್ಡಿನ ಲೆಕ್ಕ

ಮೊದಲಿನ ಪ್ರಶ್ನೆಗೆ ಬರೋಣ. ಕೂಡು ಕುಟುಂಬದಲ್ಲಿ ದುಡಿಯುವ ನಾಲ್ವರ ಸಂಪಾದನೆ ಒಂದೇ ಗಂಟಿಗೆ ಬೀಳುತ್ತಿತ್ತಲ್ಲ, ಸಭೆಯದೂ ಹಾಗೆಯೇ. ಸಿಸ್ಟರ್ ದುಡಿದ ಸಂಬಳ, ಪಿಂಚಣಿ ಎರಡೂ ಸಭೆಗೆ ಸೇರಬೇಕು ಎನ್ನುತ್ತದೆ ಚರ್ಚ್ ಕಾನೂನು. ಆ ಗಂಟಿನಿಂದ ಎಲ್ಲರ ಊಟ, ಬಟ್ಟೆ, ಮುದಿ ಸಿಸ್ಟರುಗಳ ಔಷಧ, ಸಂಬಳವೇ ಬಾರದ ಹಳ್ಳಿ ಶಾಲೆಯ ಖರ್ಚು ನಡೆಯುತ್ತದೆ. ಪೇಟೆಯ ಶಾಲೆಯ ಒಬ್ಬ ಟೀಚರ್ ಸಿಸ್ಟರ್ ಕಾಡಂಚಿನ ಔಷಧಾಲಯವನ್ನು ಸಾಕುವುದು ಹೀಗೆ.

ಇದೇ ಕಾರಣಕ್ಕೆ 1944ರಿಂದಲೂ ತೆರಿಗೆ ಇಲಾಖೆಯ ಸುತ್ತೋಲೆಗಳು ಅವರಿಗೆ ವಿನಾಯಿತಿ ಕೊಟ್ಟಿದ್ದವು. 2014ರಲ್ಲಿ ಇಲಾಖೆ ನಿಲುವು ಬದಲಿಸಿತು. ವ್ರತ ತೊಟ್ಟವರು ಲೌಕಿಕವಾಗಿ ಸತ್ತಂತೆ, ಅವರಿಗೆ ಸ್ವಂತ ಆದಾಯವೇ ಇಲ್ಲ ಎಂಬುದು ಸಭೆಗಳ ವಾದ. ನ್ಯಾಯಾಲಯಗಳ ಮುಂದೆ ಬಂದ ಪ್ರಶ್ನೆಯನ್ನು ಗದ್ದೆಯ ನೀರಿನಿಂದ ಅರ್ಥ ಮಾಡಿಕೊಳ್ಳಬಹುದು. ಕಾಲುವೆಯ ನೀರು ನನ್ನ ಗದ್ದೆಗೆ ಬರುವ ಮೊದಲೇ ತಿರುಗಿದರೆ ಅದು ನನ್ನದಲ್ಲ. ನನ್ನ ಗದ್ದೆಗೆ ಬಂದು, ನಾನೇ ಬದು ಕಡಿದು ಪಕ್ಕದವರಿಗೆ ಬಿಟ್ಟರೆ? ಅದು ಮೊದಲು ನನ್ನದೇ ಆಗಿತ್ತು. ಸಂಬಳ ಸಿಸ್ಟರಿಗೆ ಬಂದು ಆಮೇಲೆ ಸಭೆಗೆ ಹೋಗುತ್ತದೆ, ಆದ್ದರಿಂದ ತೆರಿಗೆ ಉಂಟು ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿತ್ತು. ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಗಂಟಿಗೆ ಹೊರಗಿನ ನೆರವೂ ಬರುತ್ತದೆ. ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾಯಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಆಡಳಿತದ ಖರ್ಚಿಗೆ ಶೇ. 20 ಮೀರುವಂತಿಲ್ಲ, ಮೊದಲು ಶೇ. 50 ಇತ್ತು. ಪಡೆದ ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ದೊಡ್ಡ ಸಂಸ್ಥೆಯ ಮೂಲಕ ನೆರವು ಪಡೆಯುತ್ತಿದ್ದ ಸಣ್ಣ ಹಳ್ಳಿ ಕೇಂದ್ರಗಳಿಗೆ ಈ ಕೊನೆಯ ನಿಯಮವೇ ಹೆಚ್ಚು ತಟ್ಟಿತು.

ಇಪ್ಪತ್ತು ವರ್ಷ ದುಡಿದು ಸಭೆ ಬಿಟ್ಟರೆ? ಮಾಡಿದ ಕೆಲಸಕ್ಕೆ ಇಷ್ಟು ಬಾಕಿ ಕೊಡಿ ಎಂದು ಕೇಳುವ ಹಕ್ಕು ಚರ್ಚ್ ಕಾನೂನಿನಲ್ಲಿಲ್ಲ. ಆದರೆ ಹೊರಟವರನ್ನು ನ್ಯಾಯವಾಗಿ, ಕರುಣೆಯಿಂದ ನಡೆಸಿಕೊಳ್ಳಬೇಕು ಎಂದು ಸಭೆಗೆ ಅದೇ ಕಾನೂನು ಹೇಳುತ್ತದೆ. ಎಷ್ಟು ಕರುಣೆ ಎಂಬುದಕ್ಕೆ ಅಳತೆಗೋಲಿಲ್ಲ.

ಈಗ ಯಾರು ಸೇರುತ್ತಿದ್ದಾರೆ

1970ರ ಸುಮಾರಿಗೆ ಜಗತ್ತಿನಲ್ಲಿ ಕಥೊಲಿಕ ಸನ್ಯಾಸಿನಿಯರು 10 ಲಕ್ಷದಷ್ಟಿದ್ದರು. 2022ರ ಕೊನೆಗೆ 5,99,228. ಯುರೋಪಿನ ಕಾನ್ವೆಂಟುಗಳು ಖಾಲಿಯಾದಾಗ ಕೇರಳದ ಹುಡುಗಿಯರು ಅಲ್ಲಿಗೂ ಹೋದರು. ಈಗ ಕೇರಳದ ಮನೆಗಳಲ್ಲಿ ಒಂದೋ ಎರಡೋ ಮಕ್ಕಳು. ಹೊಸದಾಗಿ ಸೇರುವವರನ್ನು ಹುಡುಕುತ್ತ ಸಭೆಗಳು ಬರುತ್ತಿರುವುದು ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾದ ಆದಿವಾಸಿ ಊರುಗಳಿಗೆ. ಹಾಗೆ ಬರುವವುಗಳಲ್ಲಿ ವಿದೇಶಿ ಮೂಲದ ಸಭೆಗಳೂ ಇವೆ. 1897ರಲ್ಲಿ ಯಾವ ಊರಿನ ಹುಡುಗಿಯರು ವ್ರತ ಪಾಲಿಸಬಲ್ಲರೇ ಎಂದು ಅಳುಕಿದ್ದರೋ, ಅದೇ ಊರುಗಳ ಬಾಗಿಲಿಗೆ.